ಬಿಸಿಯಾದ ಮೇಲೆ ನಿಧಾನವಾಗುವ ಹಳೆಯ ಎಕ್ಸ್‌ಕವೇಟರ್: ಪಂಪ್ ಬದಲಿಸುವ ಮುನ್ನ ಏನೇನು ಅಳೆಯಬೇಕು?

ಮಣ್ಣುಗೆಲಸ

ಈಚೆಗೆ 20 ಟನ್ ವರ್ಗದ ಒಂದು ಹಳೆಯ ಎಕ್ಸ್‌ಕವೇಟರ್ ಕೊಂಡಿದ್ದೇನೆ. ಬೆಳಿಗ್ಗೆ ಚಾಲೂ ಮಾಡಿದಾಗ ಬೂಮ್, ಆರ್ಮ್, ಬಕೆಟ್, ಸ್ವಿಂಗ್ ಎಲ್ಲವೂ ಚುರುಕಾಗಿ ಕೆಲಸ ಮಾಡುತ್ತವೆ. ಆಯಿಲ್ ಬಿಸಿಯಾಗುತ್ತಿದ್ದಂತೆ ಎಲ್ಲ ಚಲನೆಗಳೂ ಒಟ್ಟಿಗೆ ನಿಧಾನವಾಗುತ್ತವೆ. ಬೂಮ್ ಪೂರ್ತಿ ಮೇಲೇರಲು ಬೆಳಗಿನ ಎರಡರಷ್ಟು ಸಮಯ ಹಿಡಿಯುತ್ತದೆ. ಅದೇ ಹೊತ್ತಿಗೆ ಮಾನಿಟರ್‌ನಲ್ಲಿ ದೋಷ ಸಂಕೇತಗಳು ಕಾಣಿಸಿಕೊಂಡು, ಸ್ವಲ್ಪ ಹೊತ್ತು ಇದ್ದು, ತಾವಾಗಿಯೇ ಹೋಗುತ್ತವೆ. ಇದರ ಜೊತೆಗೆ ಯಂತ್ರ ನೇರವಾಗಿ ಓಡದೆ ಎಡಕ್ಕೆ ಎಳೆಯುತ್ತದೆ.

ಬಂದು ನೋಡಿದ ಮೆಕ್ಯಾನಿಕ್, ಮುಖ್ಯ ಪಂಪ್ ಸವೆದಿದೆ, ಬದಲಿಸದೆ ಬೇರೆ ದಾರಿಯಿಲ್ಲ ಎಂದರು. ಆದರೆ ಅವರು ಒಂದು ಗೇಜನ್ನೂ ಜೋಡಿಸಲಿಲ್ಲ, ಮಲ್ಟಿಮೀಟರ್ ಹೊರಗೆ ತೆಗೆಯಲಿಲ್ಲ. ಅಷ್ಟು ದೊಡ್ಡ ಖರ್ಚಿಗೆ ಕೈಹಾಕುವ ಮುನ್ನ ನಾನೇ ಅಳೆದು ನೋಡಬಹುದಾದದ್ದು ಏನಿದೆ, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಅನುಭವಿಗಳು ತಿಳಿಸಬೇಕು. ನನ್ನ ಬಳಿ ಸರ್ವಿಸ್ ಮ್ಯಾನ್ಯುಯಲ್, ಒಳ್ಳೆಯ ಮಲ್ಟಿಮೀಟರ್ ಮತ್ತು 600 ಬಾರ್‌ವರೆಗಿನ ಒಂದು ಗೇಜ್ ಇವೆ.

ಹಳೆಯ_ಪಾನಾ

ನಿಮ್ಮ ಮೆಕ್ಯಾನಿಕ್ ಹೇಳಿದ್ದು ಆಧಾರವಿಲ್ಲದ ಮಾತಲ್ಲ. ತಣ್ಣಗಿದ್ದಾಗ ಚುರುಕು, ಬಿಸಿಯಾದಾಗ ನಿಧಾನ ಎಂದರೆ ಒಳಸೋರಿಕೆಯ ಲಕ್ಷಣ. ವಿಜಿ 46 ದರ್ಜೆಯ ಆಯಿಲ್‌ನ ಸ್ನಿಗ್ಧತೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 46 ಸೆಂಟಿಸ್ಟೋಕ್ಸ್ ಇರುತ್ತದೆ. 80 ಡಿಗ್ರಿ ತಲುಪುವ ಹೊತ್ತಿಗೆ ಅದರ ಮೂರನೇ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಪಿಸ್ಟನ್ ಮತ್ತು ಸಿಲಿಂಡರ್ ಬ್ಲಾಕ್ ನಡುವೆ, ಬ್ಲಾಕ್ ಮತ್ತು ವಾಲ್ವ್ ಪ್ಲೇಟ್ ನಡುವೆ ಸವೆತವಿದ್ದರೆ, ಬೆಳಿಗ್ಗೆ ಗಟ್ಟಿ ಆಯಿಲ್ ಅದನ್ನು ಮುಚ್ಚಿಹಾಕುತ್ತದೆ, ಮಧ್ಯಾಹ್ನ ತೆಳು ಆಯಿಲ್ ಅದನ್ನು ಬಯಲು ಮಾಡುತ್ತದೆ. ನಾನು ಬಿಚ್ಚಿ ನೋಡಿರುವ ಇಂತಹ ಪಂಪ್‌ಗಳಲ್ಲಿ ಹೆಚ್ಚಿನವು ಸವೆದೇ ಇದ್ದವು.

ತಂತಿ_ತಪಾಸಣೆ

ಹಳೆಯ ಪಾನಾ ಅವರೆ, ಸೋರಿಕೆಯ ವಿವರಣೆ ಸರಿಯಾಗಿದೆ, ಆದರೆ ತೀರ್ಮಾನಕ್ಕೆ ಅದು ಸಾಲದು. ಸವೆದ ಪಂಪ್ ದೋಷ ಸಂಕೇತಗಳನ್ನು ಬರಿಸಿ, ಮತ್ತೆ ತಾನಾಗಿಯೇ ಅಳಿಸುವುದಿಲ್ಲ. ಬಿಸಿಯಾದಾಗ ಕೆಡುವುದು ಆಯಿಲ್ ಮಾತ್ರವಲ್ಲ. ತಂತಿಯ ಹೊದಿಕೆ ಮೆತ್ತಗಾಗುತ್ತದೆ, ಕನೆಕ್ಟರ್‌ನ ಪಿನ್ ಹಿಗ್ಗಿ ಸಂಪರ್ಕ ಸಡಿಲವಾಗುತ್ತದೆ, ಕಾಯಿಲ್‌ನ ರೋಧ ಏರುತ್ತದೆ.

ಮಣ್ಣುಗೆಲಸ ಅವರೆ, ಸಂಕೇತಗಳು ಯಾವ ಭಾಗಗಳಿಗೆ ಸಂಬಂಧಿಸಿದವು? ಒಂದೇ ಸಂಕೇತ ಮರಳಿ ಮರಳಿ ಬರುತ್ತಿದೆಯೇ, ಅಥವಾ ಬೇರೆ ಬೇರೆ ಸೆನ್ಸರ್‌ಗಳ ಸಂಕೇತಗಳು ಒಟ್ಟಿಗೆ ಬರುತ್ತಿವೆಯೇ? ಈ ಒಂದು ಉತ್ತರದಿಂದ ಹುಡುಕಾಟದ ಅರ್ಧ ದಾರಿ ಮುಗಿಯಬಹುದು.

ಪೈಲಟ್_ಲೈನ್

ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ. ನಿಧಾನವಾಗಿರುವಾಗ ಎಂಜಿನ್ ಏನು ಮಾಡುತ್ತದೆ? ಬಕೆಟ್ ಅನ್ನು ಮಣ್ಣಿಗೆ ಒತ್ತಿದಾಗ ಆರ್‌ಪಿಎಂ ಕುಸಿದು ಎಂಜಿನ್ ಹೆಣಗುತ್ತದೆಯೇ, ಅಥವಾ ಏನೂ ಆಗದಂತೆ ಅದೇ ವೇಗದಲ್ಲಿ ತಿರುಗುತ್ತಿರುತ್ತದೆಯೇ?

ಇದನ್ನು ಕೇಳುವುದಕ್ಕೆ ಕಾರಣವಿದೆ. ಹೈಡ್ರಾಲಿಕ್ ಶಕ್ತಿಯನ್ನು ಕಿಲೋವ್ಯಾಟ್‌ನಲ್ಲಿ ತಿಳಿಯಲು ಬಾರ್‌ನಲ್ಲಿರುವ ಒತ್ತಡವನ್ನು ನಿಮಿಷಕ್ಕೆ ಎಷ್ಟು ಲೀಟರ್ ಹರಿವು ಎಂಬುದರಿಂದ ಗುಣಿಸಿ 600ರಿಂದ ಭಾಗಿಸಬೇಕು. ಈ ವರ್ಗದಲ್ಲಿ ಬಹಳ ಕಡೆ ಕಾಣುವ ಕವಾಸಾಕಿ ಕೆ3ವಿ112 ಜೋಡಿ ಪಂಪ್‌ನ ಪ್ರತಿ ಭಾಗವೂ ಒಂದು ಸುತ್ತಿಗೆ 112 ಘನ ಸೆಂಟಿಮೀಟರ್ ಆಯಿಲ್ ತಳ್ಳುತ್ತದೆ. 2000 ಆರ್‌ಪಿಎಂನಲ್ಲಿ ಎರಡೂ ಸೇರಿ ನಿಮಿಷಕ್ಕೆ ಸುಮಾರು 450 ಲೀಟರ್. ಅಷ್ಟನ್ನೂ 350 ಬಾರ್‌ನಲ್ಲಿ ತಳ್ಳಲು 250 ಕಿಲೋವ್ಯಾಟ್‌ಗೂ ಹೆಚ್ಚು ಶಕ್ತಿ ಬೇಕು, ಆದರೆ ಈ ಯಂತ್ರಗಳ ಎಂಜಿನ್ ಸಾಮಾನ್ಯವಾಗಿ 100ರಿಂದ 120 ಕಿಲೋವ್ಯಾಟ್ ಮಾತ್ರ. ಆದ್ದರಿಂದ ಒತ್ತಡ ಏರಿದಂತೆ ರೆಗ್ಯುಲೇಟರ್ ಪಂಪಿನ ಹರಿವನ್ನು ತಗ್ಗಿಸುತ್ತಲೇ ಇರಬೇಕು, ಮತ್ತು ಎಷ್ಟು ತಗ್ಗಿಸಬೇಕೆಂದು ನಿರ್ಧರಿಸುವುದು ಯಂತ್ರದ ಕಂಪ್ಯೂಟರ್ ಆದ ಕಂಟ್ರೋಲರ್ ಕಳಿಸುವ ಕರೆಂಟ್.

ಎಂಜಿನ್ ಹೆಣಗುತ್ತಾ ನಿಧಾನವಾದರೆ, ಎಂಜಿನ್ನಿನ ಶಕ್ತಿ ಕುಂದಿದೆ ಅಥವಾ ಪಂಪ್ ಮಿತಿಮೀರಿ ಎಳೆಯುತ್ತಿದೆ ಎಂದರ್ಥ. ಎಂಜಿನ್ ನಿರಾಳವಾಗಿದ್ದು ಚಲನೆಗಳು ಮಾತ್ರ ನಿಧಾನವಾದರೆ, ಪಂಪ್‌ಗೆ ಕಡಿಮೆ ಹರಿವಿನ ಆದೇಶ ಹೋಗುತ್ತಿದೆ, ಅಥವಾ ಒತ್ತಡವೇ ಏರದಷ್ಟು ಆಯಿಲ್ ಎಲ್ಲೋ ಸೋರಿ ಟ್ಯಾಂಕಿಗೆ ಮರಳುತ್ತಿದೆ.

ಚೈನ್_ಚಕ್ರ

ಎಡಕ್ಕೆ ಎಳೆಯುವುದು ನಿಧಾನ ಓಟದಲ್ಲೋ, ವೇಗದ ಓಟದಲ್ಲೋ, ಎರಡರಲ್ಲೂ?

ಮಣ್ಣುಗೆಲಸ

ಎಲ್ಲರಿಗೂ ಧನ್ಯವಾದಗಳು. ಎಂಜಿನ್ ಹೆಣಗುವುದಿಲ್ಲ, ನಿಧಾನವಾಗಿರುವಾಗ ಅದು ಬೆಳಗಿಗಿಂತಲೂ ನಿರಾಳವಾಗಿ ತಿರುಗುತ್ತದೆ ಎಂದೇ ಹೇಳಬೇಕು. ಸಂಕೇತಗಳು ಮುಂದಿನ ಪಂಪಿನ ಒತ್ತಡ ಸೆನ್ಸರ್, ಹಿಂದಿನ ಪಂಪಿನ ಒತ್ತಡ ಸೆನ್ಸರ್ ಮತ್ತು ಬೂಮ್ ಎತ್ತುವ ಪೈಲಟ್ (ಲಿವರ್ ಆದೇಶವನ್ನು ವಾಲ್ವಿಗೆ ಒಯ್ಯುವ ಕಡಿಮೆ ಒತ್ತಡದ ಆಯಿಲ್) ಒತ್ತಡದ ಸೆನ್ಸರ್‌ಗೆ ಸೇರಿದವು; ಮೂರೂ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತವೆ. ಓಟದ ವಿಷಯದಲ್ಲಿ, ನಿಧಾನ ಓಟದಲ್ಲಿ ಯಂತ್ರ ನೇರವಾಗಿಯೇ ಹೋಗುತ್ತದೆ, ವೇಗದ ಓಟಕ್ಕೆ ಬದಲಿಸಿದಾಗ ಮಾತ್ರ ಎಡಕ್ಕೆ ತಿರುಗುತ್ತದೆ.

ತಂತಿ_ತಪಾಸಣೆ

ಮೂರು ಸೆನ್ಸರ್‌ಗಳು ಒಂದೇ ಗಳಿಗೆಯಲ್ಲಿ ಕೆಡುವುದು ಬಹಳ ಅಪರೂಪ. ಮೂರಕ್ಕೂ ಸಮಾನವಾಗಿರುವುದನ್ನು ಹುಡುಕಬೇಕು, ಅಂದರೆ ಅವುಗಳಿಗೆ ಕಂಟ್ರೋಲರ್ ಕೊಡುವ 5 ವೋಲ್ಟ್ ಪೂರೈಕೆ ಮತ್ತು ಸೆನ್ಸರ್‌ಗಳ ಅರ್ತ್. ಇಂತಹ ಒತ್ತಡ ಸೆನ್ಸರ್‌ಗಳಿಗೆ ಸಾಮಾನ್ಯವಾಗಿ ಮೂರು ತಂತಿಗಳಿರುತ್ತವೆ: 5 ವೋಲ್ಟ್, ಅರ್ತ್, ಮತ್ತು ಒತ್ತಡಕ್ಕೆ ಅನುಗುಣವಾಗಿ 0.5ರಿಂದ 4.5 ವೋಲ್ಟ್‌ವರೆಗೆ ಏರಿಳಿಯುವ ಸಿಗ್ನಲ್. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೂ, ಅಥವಾ ಅದಕ್ಕೆ ಹೋಗುವ 5 ವೋಲ್ಟ್ ತಂತಿ ಎಲ್ಲಿಯಾದರೂ ಉಜ್ಜಿ ಲೋಹಕ್ಕೆ ತಾಗಿದರೂ, ಅದೇ ಪೂರೈಕೆಯ ಮೇಲಿರುವ ಉಳಿದೆಲ್ಲ ಸೆನ್ಸರ್‌ಗಳೂ ತಪ್ಪು ಹೇಳತೊಡಗುತ್ತವೆ. ಆಗ ಕಂಟ್ರೋಲರ್ ಅವುಗಳನ್ನು ನಂಬದೆ ರಕ್ಷಣಾ ಸ್ಥಿತಿಗೆ ಹೋಗಿ ಪಂಪ್ ಎಳೆಯುವ ಟಾರ್ಕನ್ನು ತಗ್ಗಿಸಬಹುದು. ಎಂಜಿನ್ ನಿರಾಳವಾಗಿರುವುದಕ್ಕೂ ಇದು ಹೊಂದಿಕೊಳ್ಳುತ್ತದೆ.

ಮೊದಲು ಬುಡದಿಂದ ಆರಂಭಿಸಿ. ಎರಡು 12 ವೋಲ್ಟ್ ಬ್ಯಾಟರಿಗಳ ವೋಲ್ಟೇಜನ್ನು ಬೇರೆ ಬೇರೆಯಾಗಿ ಅಳೆಯಿರಿ. ಒಟ್ಟು 24 ಬಂದರೂ ಒಂದು ದುರ್ಬಲವಾಗಿರಬಹುದು. ಎಂಜಿನ್ ಓಡುವಾಗ ಒಟ್ಟು 27.5ರಿಂದ 28.5 ವೋಲ್ಟ್ ಸುಮಾರಿಗೆ ಇರಬೇಕು. ನಂತರ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಒಂದು ಕಡ್ಡಿ, ಎಂಜಿನ್ ಬ್ಲಾಕಿಗೆ ಇನ್ನೊಂದು ಕಡ್ಡಿ ಇಟ್ಟು ಸ್ಟಾರ್ಟರ್ ತಿರುಗಿಸಿ. ಅಲ್ಲಿ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ತ್ ಕೇಬಲ್‌ನ ಎರಡೂ ತುದಿಗಳನ್ನು ಬಿಚ್ಚಿ, ಹೊಳೆಯುವ ಲೋಹ ಕಾಣುವವರೆಗೆ ತಿಕ್ಕಿ, ಮತ್ತೆ ಬಿಗಿಯಿರಿ. ಓಮ್‌ಮೀಟರ್ ಇಟ್ಟು ಅರ್ತ್ ಚೆನ್ನಾಗಿದೆ ಎಂದು ನಂಬಬೇಡಿ. ಎಳೆಗಳೆಲ್ಲ ಕತ್ತರಿಸಿ ಒಂದೇ ಎಳೆ ಉಳಿದ ಕೇಬಲ್ ಕೂಡ ಓಮ್‌ಮೀಟರ್‌ಗೆ ಸೊನ್ನೆಯನ್ನೇ ತೋರಿಸುತ್ತದೆ. ಅದರ ದೌರ್ಬಲ್ಯ ತಿಳಿಯುವುದು ಕರೆಂಟ್ ಹರಿಯುವಾಗ ಮಾತ್ರ.

ಕಂಟ್ರೋಲರ್‌ಗಳ ನಡುವೆ ಎರಡು ತಂತಿಗಳಲ್ಲಿ ಮಾಹಿತಿ ಒಯ್ಯುವ ಕ್ಯಾನ್ ಸಂಪರ್ಕವನ್ನೂ ನೋಡಿ ಮುಗಿಸಿಬಿಡಿ. ಬ್ಯಾಟರಿ ಸಂಪರ್ಕ ತೆಗೆದು ಆ ಎರಡು ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು, ಏಕೆಂದರೆ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆಗೆ ಹತ್ತಿರವಿದ್ದರೆ ತಂತಿಗಳು ಪರಸ್ಪರ ತಾಗಿವೆ.

ಹಳೆಯ_ಪಾನಾ

ಸಂಕೇತಗಳು ವಿದ್ಯುತ್ ದೋಷದವು ಎಂಬುದನ್ನು ಒಪ್ಪುತ್ತೇನೆ, ಆದರೆ ನಿಧಾನಕ್ಕೂ ಅದೇ ಕಾರಣ ಎಂಬುದನ್ನು ಇನ್ನೂ ಒಪ್ಪುವುದಿಲ್ಲ. ಹಳೆಯ ಯಂತ್ರದಲ್ಲಿ ಎರಡು ದೋಷಗಳು ಒಟ್ಟಿಗೆ ವಾಸಿಸುವುದು ಸಾಮಾನ್ಯ. ಸೆನ್ಸರ್ ಸರಿಪಡಿಸಿದ ಮೇಲೂ ಪಂಪ್ ಸವೆದೇ ಇದ್ದರೆ?

ಗೇಜ್_350

ಅದಕ್ಕೆ ಉತ್ತರ ಕೊಡುವ ಪರೀಕ್ಷೆ ಅನೇಕ ಯಂತ್ರಗಳಲ್ಲಿ ಕ್ಯಾಬಿನ್ ಒಳಗೇ ಇರುತ್ತದೆ. ಆಸನದ ಹಿಂದೆಯೋ ಬದಿಯ ಪೆಟ್ಟಿಗೆಯಲ್ಲೋ ಪಂಪಿನ ತುರ್ತು ಸ್ವಿಚ್ ಇದೆಯೇ ನೋಡಿ. ಕೊಮಾಟ್ಸು ಪಿಸಿ200ರ ಕೆಲವು ಸರಣಿಗಳಲ್ಲಿ ಇಂತಹದು ಇದೆ, ಬೇರೆ ತಯಾರಕರಲ್ಲೂ ಇದೆ. ಅದು ಕಂಟ್ರೋಲರನ್ನು ಬದಿಗಿಟ್ಟು, ಒಂದು ರೆಸಿಸ್ಟರ್ ಮೂಲಕ, ಕರೆಂಟಿಗೆ ತಕ್ಕಂತೆ ಪಂಪಿನ ರೆಗ್ಯುಲೇಟರನ್ನು ನಡೆಸುವ ವಿದ್ಯುತ್ ವಾಲ್ವ್ ಆದ ಪ್ರೊಪೋರ್ಷನಲ್ ಸೊಲೆನಾಯ್ಡ್‌ಗೆ ನಿಗದಿತ ಕರೆಂಟ್ ಕೊಡುತ್ತದೆ. ಯಂತ್ರ ಬಿಸಿಯಾಗಿ ನಿಧಾನವಾಗಿರುವಾಗಲೇ ಆ ಸ್ವಿಚ್ ಹಾಕಿ. ಚುರುಕು ಮರಳಿದರೆ ಪಂಪ್ ಆ ಬಿಸಿಯಲ್ಲೂ ಆಯಿಲ್ ತಳ್ಳಬಲ್ಲದು ಎಂದಾಯಿತು. ಮರಳದಿದ್ದರೆ ಹಳೆಯ ಪಾನಾ ಅವರ ವಾದಕ್ಕೆ ಬಲ ಬರುತ್ತದೆ.

ಗೇಜ್ ಜೋಡಿಸುವಾಗ ಮೊದಲು ಪೈಲಟ್ ಒತ್ತಡ ಅಳೆಯಿರಿ, ಮುಖ್ಯ ಪಂಪಿನದು ಆಮೇಲೆ. ಪೈಲಟ್ ಸರ್ಕ್ಯೂಟ್ ಸಾಮಾನ್ಯವಾಗಿ 35ರಿಂದ 40 ಬಾರ್‌ನಲ್ಲಿ ನಿಲ್ಲುತ್ತದೆ. ಅದಕ್ಕೆ 60 ಬಾರ್‌ನ ಗೇಜ್ ಬಳಸಿ, 600 ಬಾರ್ ಗೇಜಿನಲ್ಲಿ 5 ಬಾರ್ ವ್ಯತ್ಯಾಸವನ್ನು ಓದಲಾಗದು. ಬಿಸಿಯಲ್ಲಿ ಪೈಲಟ್ ಒತ್ತಡ 25ಕ್ಕೆ ಇಳಿದರೆ, ಆಯಿಲ್‌ಗೆ ದಾರಿ ತೆರೆಯುವ ಕಂಟ್ರೋಲ್ ವಾಲ್ವಿನ ದಂಡಗಳಾದ ಸ್ಪೂಲ್‌ಗಳು ಪೂರ್ತಿ ತೆರೆಯದೆ, ಮುಖ್ಯ ಪಂಪ್ ಹೊಸದಾಗಿದ್ದರೂ ಎಲ್ಲ ಚಲನೆಗಳೂ ನಿಧಾನವಾಗುತ್ತವೆ. ಎಲ್ಲ ಚಲನೆಗಳೂ ಸಮನಾಗಿ ಕುಂದಿರುವ ಯಂತ್ರದಲ್ಲಿ ಇದನ್ನು ಅಳೆಯದೆ ಪಂಪಿಗೆ ಕೈಹಾಕುವುದು ಅನ್ಯಾಯ. ಸುರಕ್ಷತಾ ಲಿವರ್‌ನ ಸೊಲೆನಾಯ್ಡ್ ಅರ್ಧ ಎಳೆದು ನಿಂತರೂ ಇದೇ ಲಕ್ಷಣ ಕಾಣುತ್ತದೆ.

ಮುಖ್ಯ ರಿಲೀಫ್ ಒತ್ತಡ (ಇದನ್ನು ಮುಟ್ಟಿದಾಗ ರಿಲೀಫ್ ವಾಲ್ವ್ ತೆರೆದು ಆಯಿಲನ್ನು ಟ್ಯಾಂಕಿಗೆ ಬಿಡುತ್ತದೆ) ಈ ವರ್ಗದಲ್ಲಿ ಸುಮಾರು 350 ಬಾರ್ ಇರುತ್ತದೆ, ನಿಖರ ಅಂಕಿಗೆ ನಿಮ್ಮ ಮ್ಯಾನ್ಯುಯಲ್ ನೋಡಿ. ಎಷ್ಟೇ ಕಡಿಮೆ ಬಂದರೂ ರಿಲೀಫ್ ವಾಲ್ವಿನ ಸ್ಕ್ರೂ ತಿರುಗಿಸಬೇಡಿ. ಕಾರಣ ತಿಳಿಯದೆ ಬಿಗಿ ಮಾಡಿದರೆ ಮುಂದೆ ಹೋಸ್, ಸೀಲ್, ಪಂಪ್ ಎಲ್ಲಕ್ಕೂ ಹೊರೆ.

ಸುರಕ್ಷೆ_ಮೊದಲು

ಗೇಜ್ ಜೋಡಿಸುವ ಮಾತು ಬಂದಿದ್ದರಿಂದ ಇದನ್ನು ಹೇಳಲೇಬೇಕು. ಫಿಟ್ಟಿಂಗ್ ಬಿಚ್ಚುವ ಮುನ್ನ ಬಕೆಟ್ ಮತ್ತು ಬೂಮ್ ಅನ್ನು ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು ಸುರಕ್ಷತಾ ಲಿವರ್ ತೆರೆದು ಎಲ್ಲ ಲಿವರ್‌ಗಳನ್ನೂ ಎಲ್ಲ ದಿಕ್ಕುಗಳಿಗೂ ಆಡಿಸಿ. ಪೈಲಟ್ ಸರ್ಕ್ಯೂಟಿನ ಅಕ್ಯುಮುಲೇಟರ್ ಎಂಜಿನ್ ನಿಂತ ಮೇಲೂ ಒತ್ತಡ ಹಿಡಿದಿರುತ್ತದೆ. ಬಳಿಕ ಟ್ಯಾಂಕಿನ ಬ್ರೀದರ್‌ನಿಂದ ಒಳಗಿನ ಗಾಳಿ ಬಿಡಿ.

ಸೋರಿಕೆಯನ್ನು ಕೈಯಿಂದ ಸವರಿ ಹುಡುಕಬೇಡಿ. ರಟ್ಟಿನ ತುಂಡು ಹಿಡಿದು ನೋಡಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಆಯಿಲ್ ಚರ್ಮ ಸೀಳಿ ಒಳಹೋಗುತ್ತದೆ. ಗಾಯ ಸಣ್ಣ ಚುಕ್ಕೆಯಂತೆ ಕಂಡು ಮೊದಲು ಹೆಚ್ಚು ನೋಯದೇ ಇರಬಹುದು, ಆದರೆ ಅದು ತಡಮಾಡದೆ ಶಸ್ತ್ರಚಿಕಿತ್ಸೆ ಬೇಕಾಗುವ ತುರ್ತುಸ್ಥಿತಿ. ಆಸ್ಪತ್ರೆಯಲ್ಲಿ, ಒತ್ತಡದ ಹೈಡ್ರಾಲಿಕ್ ಆಯಿಲ್ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ಚುಕ್ಕೆಗೆ ಪಟ್ಟಿ ಕಟ್ಟಿ ಕಳಿಸಿಬಿಡಬಹುದು.

ಬೂಮ್_ಬಕೆಟ್

ಕೊಳ್ಳುವಾಗ ಗಂಟೆಮೀಟರ್ ಎಷ್ಟು ತೋರಿಸುತ್ತಿತ್ತು? ಮೀಟರ್ ಬದಲಾಗಿರಬಹುದು. ಸ್ಪ್ರಾಕೆಟ್ ಹಲ್ಲು, ಪೆಡಲ್‌ನ ರಬ್ಬರ್, ಬಕೆಟ್ ಪಿನ್‌ಗಳ ಸಡಿಲ, ಇವು ಮೀಟರಿಗಿಂತ ಸತ್ಯವಾದ ವಯಸ್ಸು ಹೇಳುತ್ತವೆ.

ಪೈಲಟ್_ಲೈನ್

ಬೂಮ್ ಬಕೆಟ್ ಅವರೆ, ಅದು ನಿಜ, ಆದರೆ ಯಂತ್ರ ಈಗಾಗಲೇ ಇವರ ಬಳಿ ಇದೆ, ದೋಷ ಹುಡುಕುವುದಕ್ಕೆ ಗಂಟೆಗಳಿಗಿಂತ ಒತ್ತಡದ ಅಂಕಿಗಳೇ ಬೇಕು.

ಮಣ್ಣುಗೆಲಸ ಅವರು ಮ್ಯಾನ್ಯುಯಲ್‌ನಲ್ಲಿ ಮೊದಲು ನೋಡಬೇಕಾದದ್ದು ತಮ್ಮ ಪಂಪಿನ ನಿಯಂತ್ರಣ ಯಾವ ಬಗೆಯದು ಎಂಬುದನ್ನು. ನೆಗೆಟಿವ್ ಕಂಟ್ರೋಲ್ ಬಗೆಯಲ್ಲಿ, ಲಿವರ್‌ಗಳು ಮಧ್ಯದಲ್ಲಿರುವಾಗ ಕಂಟ್ರೋಲ್ ವಾಲ್ವಿನ ನಡುದಾರಿಯ ಕೊನೆಯಲ್ಲಿ ಹುಟ್ಟುವ ಒತ್ತಡ ಪಂಪಿಗೆ ಮರಳಿ ಹೋಗಿ ಹರಿವನ್ನು ಕನಿಷ್ಠಕ್ಕೆ ಇಳಿಸುತ್ತದೆ. ಆ ಸಣ್ಣ ಹೋಸ್ ಒಡೆದರೆ ಪಂಪ್ ಸದಾ ಪೂರ್ತಿ ಹರಿವಿಗೆ ಹೋಗುತ್ತದೆ. ಲೋಡ್ ಸೆನ್ಸಿಂಗ್ ಮತ್ತು ಪಾಸಿಟಿವ್ ಕಂಟ್ರೋಲ್ ಬಗೆಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಸಂಕೇತದ ಒತ್ತಡ ತಲುಪದಿದ್ದರೆ ಪಂಪ್ ಕನಿಷ್ಠ ಹರಿವಿನಲ್ಲೇ ಉಳಿಯುತ್ತದೆ. ಒಂದೇ ಬಗೆಯ ಹೋಸ್ ಸೋರಿಕೆ ಒಂದು ಯಂತ್ರವನ್ನು ವೇಗವಾಗಿಸುತ್ತದೆ, ಇನ್ನೊಂದನ್ನು ನಿಧಾನವಾಗಿಸುತ್ತದೆ. ಇನ್ನೊಬ್ಬರ ಯಂತ್ರದಲ್ಲಿ ಸರಿಹೋದ ಉಪಾಯವನ್ನು ನಿಮ್ಮದಕ್ಕೆ ಹಾಗೆಯೇ ಹಚ್ಚಬೇಡಿ ಎನ್ನುವುದು ಈ ಕಾರಣಕ್ಕೆ.

ಸೊಲೆನಾಯ್ಡ್ ಕರೆಂಟಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಕೆಲವು ವಿನ್ಯಾಸಗಳಲ್ಲಿ ಕರೆಂಟ್ ಹೆಚ್ಚಿದಂತೆ ಪಂಪ್ ಎಳೆಯುವ ಟಾರ್ಕ್ ಹೆಚ್ಚುತ್ತದೆ, ಕೆಲವುಗಳಲ್ಲಿ ತಗ್ಗುತ್ತದೆ.

ಮಣ್ಣುಗೆಲಸ

ಪರೀಕ್ಷೆಗಳನ್ನು ಮಾಡಿ ಬಂದಿದ್ದೇನೆ. ಬ್ಯಾಟರಿಗಳು ಮತ್ತು ಆಲ್ಟರ್ನೇಟರ್ ಸರಿಯಾಗಿವೆ. ಅರ್ತ್ ಕೇಬಲ್‌ನಲ್ಲಿ 0.9 ವೋಲ್ಟ್ ಇತ್ತು, ತುದಿಗಳನ್ನು ತಿಕ್ಕಿ ಬಿಗಿದ ಮೇಲೆ 0.2ಕ್ಕೆ ಇಳಿಯಿತು, ಆದರೆ ದೋಷ ಹೋಗಲಿಲ್ಲ. ಕ್ಯಾನ್ ತಂತಿಗಳ ನಡುವೆ 61 ಓಮ್. ಪೈಲಟ್ ಒತ್ತಡ ತಣ್ಣಗಿದ್ದಾಗ 39, ಬಿಸಿಯಲ್ಲಿ 37 ಬಾರ್.

ಆಸನದ ಹಿಂದೆ ತುರ್ತು ಸ್ವಿಚ್ ಸಿಕ್ಕಿತು. ಯಂತ್ರ ಪೂರ್ತಿ ಬಿಸಿಯಾಗಿ ನಿಧಾನವಾದಾಗ ಅದನ್ನು ಹಾಕಿದೆ, ಬೂಮ್ ಎತ್ತುವ ವೇಗ ಬಹುತೇಕ ಬೆಳಗಿನ ಮಟ್ಟಕ್ಕೆ ಮರಳಿತು. ಪ್ರೊಪೋರ್ಷನಲ್ ಸೊಲೆನಾಯ್ಡ್‌ಗೆ ಮಲ್ಟಿಮೀಟರ್ ಅನ್ನು ಸಾಲಿನಲ್ಲಿ ಜೋಡಿಸಿ ನೋಡಿದಾಗ ತಣ್ಣಗೆ ಸುಮಾರು 300 ಮಿಲಿಆಂಪಿಯರ್, ನಿಧಾನವಾದಾಗ 600ಕ್ಕೆ ಹತ್ತಿರ. ನನ್ನ ಮ್ಯಾನ್ಯುಯಲ್ ಪ್ರಕಾರ ಈ ಯಂತ್ರದಲ್ಲಿ ಕರೆಂಟ್ ಏರಿದರೆ ಪಂಪಿನ ಟಾರ್ಕ್ ತಗ್ಗುತ್ತದೆ.

ತಂತಿ_ತಪಾಸಣೆ

ಇದು ಬಹಳ ಒಳ್ಳೆಯ ಅಳತೆ. ಕಂಟ್ರೋಲರೇ ಪಂಪನ್ನು ಹಿಂದಕ್ಕೆ ಎಳೆಯುತ್ತಿದೆ, ಅದಕ್ಕೆ ಸಿಗುತ್ತಿರುವ ಮಾಹಿತಿ ಕೆಟ್ಟಿದೆ.

ಹಳೆಯ_ಪಾನಾ

ಅಷ್ಟು ಬೇಗ ಪಂಪಿಗೆ ಖುಲಾಸೆ ಕೊಡಬೇಡಿ. ತುರ್ತು ಸ್ವಿಚ್ ಕೊಡುವ ಕರೆಂಟ್ ನಿಗದಿತವಾದದ್ದು; ಸವೆದ ಪಂಪಿಗೂ ಒಳತಟ್ಟೆಯ ಕೋನ ಹೆಚ್ಚಿಸಿ, ಅಂದರೆ ಹೆಚ್ಚು ಹರಿವು ತಳ್ಳಿಸಿ, ಸೋರಿಕೆಯನ್ನು ಮೀರಿಸಿ ವೇಗ ತೋರಿಸಬಹುದು. ಬರಿಯ ಬೂಮ್ ಎತ್ತುವಾಗ ಒತ್ತಡವೂ ಕಡಿಮೆ. ಭಾರದ ಅಗೆತದಲ್ಲಿ 300 ಬಾರ್ ಬಂದಾಗಲೇ ಸವೆತದ ನಿಜರೂಪ ಕಾಣುವುದು.

ಗೇಜ್_350

ಹಳೆಯ ಪಾನಾ ಅವರ ಆಕ್ಷೇಪ ಯೋಗ್ಯವಾದದ್ದು. ಅದಕ್ಕೆ ಅಳತೆಯಿಂದಲೇ ಉತ್ತರ ಹುಡುಕೋಣ. ಪಂಪಿನ ಒಳಗೆ ಸೋರಿದ ಆಯಿಲನ್ನು ಹೊರಗೆ ಒಯ್ಯುವ ಕೇಸ್ ಡ್ರೇನ್ ಹೋಸನ್ನು ಫ್ಲೋಮೀಟರ್ ಮೂಲಕ ಟ್ಯಾಂಕಿಗೆ ಬಿಟ್ಟು, ಆಯಿಲ್ ಕೆಲಸದ ಬಿಸಿಗೆ ಬಂದ ಮೇಲೆ, ಒಂದು ಸಿಲಿಂಡರನ್ನು ಕೊನೆಗೆ ತಳ್ಳಿ ರಿಲೀಫ್ ಒತ್ತಡದಲ್ಲಿ ಸ್ವಲ್ಪ ಹೊತ್ತು ಮಾತ್ರ ಹಿಡಿದು ಓದಬೇಕು. ಆ ಡ್ರೇನನ್ನು ಯಾವ ಕಾರಣಕ್ಕೂ ಪ್ಲಗ್ ಹಾಕಿ ಮುಚ್ಚಬೇಡಿ. ಕೇಸಿನೊಳಗೆ ಒತ್ತಡ ಏರಿ ಶಾಫ್ಟ್ ಸೀಲ್ ಹೊರಗೆ ಚಿಮ್ಮುತ್ತದೆ. ಬಂದ ಅಂಕಿಯನ್ನು ಮ್ಯಾನ್ಯುಯಲ್‌ನ ಮಿತಿಯೊಂದಿಗೆ ಹೋಲಿಸಿ.

ಎರಡೂ ಪಂಪ್‌ಗಳಿಗೆ ಒಂದೇ ಕೇಸ್ ಇರುವ ವಿನ್ಯಾಸದಲ್ಲಿ ಯಾವ ಭಾಗ ಸೋರುತ್ತಿದೆ ಎಂಬುದು ಇದರಿಂದ ತಿಳಿಯದು. ಹಾಗಿದ್ದಾಗ ಎರಡು ಪಂಪ್‌ಗಳ ಹೊರಹರಿವಿನ ಹೋಸ್‌ಗಳನ್ನು ಅದಲುಬದಲು ಮಾಡಿ, ದೌರ್ಬಲ್ಯವೂ ಅದಲುಬದಲಾಯಿತೇ ಎಂದು ನೋಡುವ ಮಾರ್ಗವಿದೆ. ಇಲ್ಲಿ ಎಲ್ಲ ಚಲನೆಗಳೂ ಸಮನಾಗಿ ಕುಂದಿರುವುದರಿಂದ ಅದರ ಅಗತ್ಯ ಬೀಳಲಾರದು. ಒಂದು ಭಾಗ ಮಾತ್ರ ಸವೆದಿದ್ದರೆ ಕೆಲವು ಚಲನೆಗಳಷ್ಟೇ ಸೊರಗುತ್ತಿದ್ದವು.

ಜೊತೆಗೆ ಫಿಲ್ಟರ್ ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ಬಿಳಿ ಬಟ್ಟೆಯ ಮೇಲೆ ಹರಡಿ. ಹಿತ್ತಾಳೆ ಬಣ್ಣದ ಮಿನುಗು ಕಂಡರೆ ಪಿಸ್ಟನ್ ಶೂ ಅಥವಾ ವಾಲ್ವ್ ಪ್ಲೇಟಿನ ಕಡೆ ಸಂಶಯ ಬಲಿಯುತ್ತದೆ. ಅಯಸ್ಕಾಂತಕ್ಕೆ ಅಂಟುವ ಚೂರುಗಳು ಉಕ್ಕಿನವು. ಕಪ್ಪು ರಬ್ಬರ್ ತುಣುಕುಗಳು ಸಿಲಿಂಡರ್ ಸೀಲ್ ಅಥವಾ ಹೋಸಿನ ಒಳಪದರದಿಂದ ಬಂದವು.

ಕಾಯಿಲ್_24

ಕಾಯಿಲ್ ರೋಧದ ಬಗ್ಗೆ ಮೇಲೆ ಮಾತು ಬಂದಿತ್ತು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿ 10 ಓಮ್ ಇದ್ದ ಕಾಯಿಲ್ 80 ಡಿಗ್ರಿಯಲ್ಲಿ ಸುಮಾರು 12.4 ಓಮ್ ಆಗುತ್ತದೆ. ಇದು ದೋಷವಲ್ಲ. ಕಂಟ್ರೋಲರ್ ಕರೆಂಟನ್ನು ಅಳೆದೇ ಕೊಡುವುದರಿಂದ ಈ ಏರಿಕೆಯನ್ನು ತಾನೇ ಸರಿದೂಗಿಸುತ್ತದೆ. ಬಿಸಿ ಕಾಯಿಲ್‌ನ ಅಂಕಿಯನ್ನು ಮ್ಯಾನ್ಯುಯಲ್‌ನ ತಣ್ಣನೆಯ ಅಂಕಿಗೆ ಹೋಲಿಸಿ ಒಳ್ಳೆಯ ಸೊಲೆನಾಯ್ಡ್‌ಗಳನ್ನು ಬಿಸಾಡಿದವರನ್ನು ಕಂಡಿದ್ದೇನೆ. ಕಾಯಿಲ್‌ನ ಪ್ರತಿ ಪಿನ್‌ನಿಂದ ಲೋಹದ ಮೈಗೆ ಅಳೆಯುವುದನ್ನೂ ಮರೆಯಬೇಡಿ, ಅಲ್ಲಿ ಸಂಪರ್ಕವೇ ಇರಬಾರದು.

ತಂತಿ_ತಪಾಸಣೆ

ಈಗ 5 ವೋಲ್ಟ್ ಕಡೆಗೆ ಬನ್ನಿ. ಮುಂದಿನ ಪಂಪಿನ ಸೆನ್ಸರ್ ಕನೆಕ್ಟರ್‌ನ ಹಿಂಬದಿಯಿಂದ ತೆಳುವಾದ ಪಿನ್ ಸೇರಿಸಿ 5 ವೋಲ್ಟ್ ಮತ್ತು ಸೆನ್ಸರ್ ಅರ್ತ್ ನಡುವೆ ಮೀಟರ್ ಇಟ್ಟು, ಯಂತ್ರವನ್ನು ಬಿಸಿಯಾಗಲು ಬಿಡಿ. ತಂತಿಯ ಹೊದಿಕೆಯನ್ನು ಚುಚ್ಚಬೇಡಿ. ಆ ತೂತಿನಿಂದ ನೀರು ಇಳಿದು ಒಳಗಿನ ತಾಮ್ರ ಹಸಿರುಗಟ್ಟುತ್ತದೆ, ಮುಂದೊಂದು ದಿನ ಅದೇ ಹೊಸ ದೋಷವಾಗುತ್ತದೆ. ವೋಲ್ಟೇಜ್ ಕುಸಿದ ಗಳಿಗೆಯಲ್ಲಿ ಸೆನ್ಸರ್‌ಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ 5ಕ್ಕೆ ಮರಳುತ್ತದೆಯೋ ಆ ಸೆನ್ಸರ್ ಅಪರಾಧಿ. ಎಲ್ಲವನ್ನೂ ಕಳಚಿದರೂ ಮರಳದಿದ್ದರೆ ದೋಷ ತಂತಿಯಲ್ಲಿದೆ, ಅಥವಾ ಕಂಟ್ರೋಲರ್‌ನಲ್ಲಿದೆ. ಕಂಟ್ರೋಲರನ್ನು ಸಂಶಯಿಸುವುದು ತೀರಾ ಕೊನೆಗೆ.

ಚೈನ್_ಚಕ್ರ

ಓಟದ ದೋಷವನ್ನು ಇದರಿಂದ ಬೇರ್ಪಡಿಸಿಯೇ ನೋಡಿ. ನಿಧಾನ ಓಟದಲ್ಲಿ ನೇರ, ವೇಗದಲ್ಲಿ ಮಾತ್ರ ಎಡಕ್ಕೆ ಎಂದರೆ ಎಡ ಮೋಟಾರ್ ವೇಗದ ಸ್ಥಿತಿಗೆ ಬದಲಾಗುತ್ತಿಲ್ಲ. ಮೋಟಾರ್ ಒಳಗೇ ಸವೆದಿದ್ದರೆ ನಿಧಾನ ಓಟದಲ್ಲೂ ಸ್ವಲ್ಪ ಎಳೆಯುತ್ತಿತ್ತು.

ಅನೇಕ ಯಂತ್ರಗಳಲ್ಲಿ ಭಾರ ಹೆಚ್ಚಾದಾಗ ಮೋಟಾರ್ ತಾನಾಗಿಯೇ ನಿಧಾನ ಸ್ಥಿತಿಗೆ ಇಳಿಯುತ್ತದೆ. ಆದ್ದರಿಂದ ಎಡ ಚೈನ್ ಬಲಕ್ಕಿಂತ ಬಿಗಿಯಾಗಿದೆಯೇ, ಎಡ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿದೆಯೇ ಎಂದು ಮೊದಲು ನೋಡಿ. ಸ್ವಲ್ಪ ದೂರ ಓಡಿಸಿ, ಚೈನ್ ತಿರುಗಿಸುವ ಗೇರ್ ಪೆಟ್ಟಿಗೆಗಳಾದ ಎರಡೂ ಫೈನಲ್ ಡ್ರೈವ್‌ಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಹೋಲಿಸಿದರೆ ಬ್ರೇಕಿನ ಸಂಶಯ ಬಗೆಹರಿಯುತ್ತದೆ. ಅದು ಸರಿಯಿದ್ದರೆ ಎಡ ಮೋಟಾರಿನ ಎರಡನೇ ವೇಗದ ಪೈಲಟ್ ಪೋರ್ಟಿಗೆ ಗೇಜ್ ಹಾಕಿ. ಒತ್ತಡ ಬರುತ್ತಿದ್ದರೆ ಮೋಟಾರ್ ಒಳಗಿನ ಸ್ಪೂಲ್ ಸಿಕ್ಕಿಕೊಂಡಿದೆ. ಬರದಿದ್ದರೆ ಆ ಹೋಸನ್ನು ಹಿಂಬಾಲಿಸಿ.

ಬೂಮ್_ಬಕೆಟ್

ತಿರುಗುವ ಮೇಲ್ಭಾಗದಿಂದ ಕೆಳಗಿನ ಮೋಟಾರ್‌ಗಳಿಗೆ ಆಯಿಲ್ ದಾಟಿಸುವ ಸೆಂಟರ್ ಜಾಯಿಂಟ್‌ನ ಸೀಲ್ ಹೋಗಿರಬಹುದಲ್ಲವೇ? ಎಡಕ್ಕೆ ಎಳೆಯುವುದಕ್ಕೆ ಎಲ್ಲರೂ ಹೇಳುವ ಕಾರಣ ಅದೇ.

ಚೈನ್_ಚಕ್ರ

ಎರಡನೇ ವೇಗದ ಪೈಲಟ್ ದಾರಿ ಜಾಯಿಂಟ್ ಮೂಲಕ ಒಂದೇ ಆಗಿ ಇಳಿದು, ಕೆಳಗೆ ಎರಡೂ ಮೋಟಾರ್‌ಗಳಿಗೆ ಕವಲೊಡೆಯುವ ವಿನ್ಯಾಸದಲ್ಲಿ, ಅಲ್ಲಿನ ಸೀಲ್ ಹೋದರೆ ಎರಡೂ ಕಡೆ ವೇಗ ಸಿಗುವುದಿಲ್ಲ. ಮುಖ್ಯ ಓಟದ ದಾರಿಯ ಸೀಲ್ ಹೋಗಿದ್ದರೆ ನಿಧಾನ ಓಟದಲ್ಲೂ ಎಳೆತ ಇರಬೇಕಿತ್ತು. ಇವರ ಯಂತ್ರದಲ್ಲಿ ಎರಡೂ ಇಲ್ಲ. ಜಾಯಿಂಟ್ ಇಳಿಸುವುದು ದೊಡ್ಡ ಕೆಲಸ, ಲಕ್ಷಣ ಹೊಂದದೆ ಅದಕ್ಕೆ ಇಳಿಯಬಾರದು.

ಮಣ್ಣುಗೆಲಸ

ಎರಡೂ ದೋಷಗಳು ಸಿಕ್ಕಿವೆ.

5 ವೋಲ್ಟ್ ತಣ್ಣಗಿದ್ದಾಗ 4.98 ಇತ್ತು. ಬಿಸಿಯಾದ ಮೇಲೆ 3ರಿಂದ 4 ವೋಲ್ಟ್ ನಡುವೆ ಹೊಯ್ದಾಡತೊಡಗಿತು. ಸೆನ್ಸರ್‌ಗಳನ್ನು ಕಳಚಿದರೂ ಮರಳಲಿಲ್ಲ. ತಂತಿಯ ಕಟ್ಟನ್ನು ಹಿಂಬಾಲಿಸಿ ಹೋದಾಗ, ಪಂಪ್ ಕೋಣೆಯ ಗೋಡೆಯ ಬಳಿ ಯಾರೋ ಹಿಂದೆ ತಂತಿಗಳನ್ನು ಹೊಸೆದು ಟೇಪ್ ಸುತ್ತಿದ್ದ ಜಾಗ ಸಿಕ್ಕಿತು. ಟೇಪಿನ ಅಂಟು ಬಿಸಿಗೆ ಕರಗಿ ಜಾರಿ, 5 ವೋಲ್ಟ್ ತಂತಿ ಲೋಹದ ಕ್ಲಾಂಪಿಗೆ ತಾಗುತ್ತಿತ್ತು. ಕೈಯಿಂದ ಎತ್ತಿ ಹಿಡಿದ ಕೂಡಲೇ ಮೀಟರ್ 4.98ಕ್ಕೆ ಮರಳಿತು, ಸಂಕೇತಗಳು ಅಳಿದವು, ಸೊಲೆನಾಯ್ಡ್ ಕರೆಂಟ್ 300ರ ಸುತ್ತಕ್ಕೆ ಇಳಿಯಿತು.

ಹಳೆಯ ಪಾನಾ ಅವರ ಮಾತಿಗೆ ಬೆಲೆಕೊಟ್ಟು ಫ್ಲೋಮೀಟರ್ ತಂದು ಕೇಸ್ ಡ್ರೇನನ್ನೂ ಅಳೆದೆ. ಬಿಸಿಯಲ್ಲಿ, ರಿಲೀಫ್ ಒತ್ತಡದಲ್ಲಿ, ಮ್ಯಾನ್ಯುಯಲ್ ಮಿತಿಯ ಒಳಗೇ ಇದೆ. ಫಿಲ್ಟರ್‌ನಲ್ಲಿ ಹಿತ್ತಾಳೆ ಮಿನುಗು ಇರಲಿಲ್ಲ, ಕೆಲವು ರಬ್ಬರ್ ತುಣುಕುಗಳಿದ್ದವು.

ಓಟದ ಕಡೆ ಚೈನ್‌ಗಳ ಬಿಗಿ ಮತ್ತು ಫೈನಲ್ ಡ್ರೈವ್‌ಗಳ ಬಿಸಿ ಎರಡೂ ಬದಿ ಸಮನಾಗಿವೆ, ಪೈಲಟ್ ಒತ್ತಡ ಎಡ ಪೋರ್ಟಿಗೆ ಪೂರ್ತಿ ಬರುತ್ತಿದೆ. ಸ್ಪೂಲ್ ತೆಗೆದು ನೋಡಿದಾಗ ಅಂಚಿನಲ್ಲಿ ಅದೇ ರಬ್ಬರ್ ತುಣುಕು ಸಿಕ್ಕಿಕೊಂಡಿತ್ತು. ತೊಳೆದು, ಹೊಸ ಓ ರಿಂಗ್ ಹಾಕಿ ಕೂಡಿಸಿದ ಮೇಲೆ ಯಂತ್ರ ಎರಡೂ ವೇಗಗಳಲ್ಲಿ ನೇರವಾಗಿ ಓಡುತ್ತಿದೆ.

ಹಳೆಯ_ಪಾನಾ

ಕೇಸ್ ಡ್ರೇನ್ ಅಳತೆ ಮಿತಿಯೊಳಗಿದೆ ಎಂದ ಮೇಲೆ ನನ್ನ ಸಂಶಯಕ್ಕೆ ಜಾಗವಿಲ್ಲ. ಆ ಪಂಪನ್ನು ಮುಟ್ಟಬೇಡಿ. ಆದರೆ ರಬ್ಬರ್ ತುಣುಕು ಎಲ್ಲಿಂದ ಬಂತು ಎಂಬುದನ್ನು ಬಿಡಬೇಡಿ. ಸಿಲಿಂಡರ್‌ಗಳು ತಾವಾಗಿ ಇಳಿಯುತ್ತವೆಯೇ ನೋಡಿ. ಬಕೆಟ್ ತುಂಬಿಸಿ, ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಬೂಮ್ ಎತ್ತಿ ಎಂಜಿನ್ ನಿಲ್ಲಿಸಿ, ಪ್ರತಿ ಸಿಲಿಂಡರಿನ ರಾಡ್ ಎಷ್ಟು ಸರಿಯಿತು ಎಂದು ಗುರುತು ಹಾಕಿ ಅಳೆಯಿರಿ. ಹಳೆಯ ಹೋಸ್‌ಗಳ ಒಳಪದರ ಕಿತ್ತುಬರುವುದೂ ಉಂಟು. ಮೂಲ ಸಿಗದಿದ್ದರೆ ಇಂದು ಮೋಟಾರಿನ ಸ್ಪೂಲಿಗೆ ಸಿಕ್ಕಿದ ತುಣುಕು ನಾಳೆ ರೆಗ್ಯುಲೇಟರಿಗೆ ಸಿಗುತ್ತದೆ.

ತಂತಿ_ತಪಾಸಣೆ

ತಂತಿಯನ್ನು ಮತ್ತೆ ಟೇಪಿನಿಂದ ಮುಗಿಸಬೇಡಿ. ಹಾಳಾದ ತುಂಡನ್ನು ಕತ್ತರಿಸಿ, ಅದೇ ದಪ್ಪದ ತಂತಿ ಸೇರಿಸಿ, ಸರಿಯಾದ ಕ್ರಿಂಪ್ ಹಾಕಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆಯಿಂದ ಮುಚ್ಚಿ. ಪಕ್ಕಪಕ್ಕದ ತಂತಿಗಳ ಜೋಡಣೆ ಒಂದೇ ಜಾಗದಲ್ಲಿ ಬಾರದಂತೆ ಹಿಂದೆಮುಂದೆ ಮಾಡಿ. ಕ್ಲಾಂಪ್ ಕೆಳಗೆ ರಬ್ಬರ್ ಪಟ್ಟಿ ಇರಲಿ. ಮುಂದೆ ಎಂದಾದರೂ ಯಂತ್ರದ ಮೇಲೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಸಂಪರ್ಕ ತೆಗೆದು, ಕಂಟ್ರೋಲರ್ ಕನೆಕ್ಟರ್‌ಗಳನ್ನು ಕಳಚಿ, ವೆಲ್ಡಿಂಗ್ ಅರ್ತ್ ಅನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಟ್ಟಿಸಿ. ಇಲ್ಲದಿದ್ದರೆ ಆ ಕರೆಂಟ್ ಬೇರಿಂಗ್ ಮತ್ತು ಸೆನ್ಸರ್ ತಂತಿಗಳ ಮೂಲಕ ದಾರಿ ಹುಡುಕುತ್ತದೆ.

ಹೊಸಚಾಲಕ

ಬಹಳ ಉಪಯುಕ್ತ ಚರ್ಚೆ. ನನ್ನ ಯಂತ್ರವೂ ಬಿಸಿಯಾದ ಮೇಲೆ ನಿಧಾನವಾಗುತ್ತದೆ, ಆದರೆ ಎರಡು ಚಲನೆಗಳನ್ನು ಒಟ್ಟಿಗೆ ಮಾಡಿದರೆ ಎಂಜಿನ್ ಹೆಣಗಿ ನಿಂತೇಹೋಗುತ್ತದೆ. ನಾನೂ 5 ವೋಲ್ಟ್‌ನಿಂದಲೇ ಆರಂಭಿಸಲೇ?

ಪೈಲಟ್_ಲೈನ್

ಬೇಡ, ನಿಮ್ಮದು ಇದರ ವಿರುದ್ಧ ದಿಕ್ಕಿನ ಲಕ್ಷಣ. ಮೊದಲು ಇಂಧನ ಫಿಲ್ಟರ್, ಗಾಳಿ ಫಿಲ್ಟರ್ ಮತ್ತು ಟರ್ಬೋದಿಂದ ಬರುವ ಕೊಳವೆಗಳ ಸೋರಿಕೆ ನೋಡಿ, ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅದು ಸರಿಯಿದ್ದರೆ ಪ್ರೊಪೋರ್ಷನಲ್ ಸೊಲೆನಾಯ್ಡ್‌ನ ಕರೆಂಟ್ ಅಳೆಯಿರಿ. ನಿಮ್ಮ ಯಂತ್ರದಲ್ಲೂ ಕರೆಂಟ್ ಏರಿದಾಗ ಟಾರ್ಕ್ ತಗ್ಗುವ ವಿನ್ಯಾಸವಿದ್ದು, ತಂತಿ ಕಡಿದು ಕರೆಂಟೇ ಹೋಗದಿದ್ದರೆ, ಪಂಪ್ ಎಂಜಿನ್ನಿಗೆ ಮೀರಿದ ಹೊರೆ ಹಾಕುತ್ತದೆ. ಯಂತ್ರದ ಮಾದರಿ, ಹೊರೆಯಿಲ್ಲದಾಗಿನ ಮತ್ತು ರಿಲೀಫ್‌ನಲ್ಲಿರುವಾಗಿನ ಆರ್‌ಪಿಎಂ, ಆ ಕರೆಂಟಿನ ತಣ್ಣನೆಯ ಮತ್ತು ಬಿಸಿಯ ಅಂಕಿಗಳನ್ನು ಬರೆದು ಪ್ರತ್ಯೇಕ ಚರ್ಚೆ ಆರಂಭಿಸಿ. ಅಲ್ಲಿ ನೋಡೋಣ.